ಟೋಕನ್ 47, ಒಳಗಿರುವುದು 19: ಡಾಕ್ಟರ್ ಬಾಗಿಲ ಹೊರಗೆ ಕಾಯುವುದು ಹೇಗೆ?

ಕೈಯಲ್ಲಿ 47ನೇ ಟೋಕನ್, ಒಳಗಿರುವುದು 19ನೇ ನಂಬರ್. ನಡುವೆ 27 ಜನ. ಇಷ್ಟಕ್ಕೇ ಲೆಕ್ಕ ಮುಗಿಯಿತು ಅಂದುಕೊಂಡವರೇ ಮೊದಲು ರೇಗುವುದು. ಓಪಿಡಿ ಸರದಿ ಟೋಕನ್ ಸಂಖ್ಯೆಯಂತೆ ಸಾಗುವುದಿಲ್ಲ. ಬೆಳಗ್ಗೆಯೇ ತೋರಿಸಿ ರಕ್ತಪರೀಕ್ಷೆಗೆ ಹೋದವರು ಮಧ್ಯಾಹ್ನದ ಹೊತ್ತಿಗೆ ರಿಪೋರ್ಟ್ ಹಿಡಿದು ವಾಪಸ್ ಬರುತ್ತಾರೆ. ಅವರಿಗೆ ಹೊಸ ಟೋಕನ್ ಕೊಡುವುದಿಲ್ಲ, ಸಿಸ್ಟರ್ ನಡುನಡುವೆ ಒಳಗೆ ಬಿಡುತ್ತಾರೆ. ವಾರ್ಡಿನಿಂದ ಕರೆ ಬಂದರೆ ಡಾಕ್ಟರೇ ಎದ್ದು ಹೋಗುತ್ತಾರೆ. ಖಾಸಗಿ ಕ್ಲಿನಿಕ್ಕಾದರೆ ಔಷಧ ಕಂಪನಿಯ ರೆಪ್ ಕೂಡ ಬ್ಯಾಗ್ ಹಿಡಿದು ಕೂತಿರುತ್ತಾರೆ.

ಹಾಗಾಗಿ ಕೂತ ತಕ್ಷಣದ ಕೆಲಸ ಇದು: ಐದು ಟೋಕನ್ ಮುಂದೆ ಹೋಗಲು ಎಷ್ಟು ನಿಮಿಷ ಹಿಡಿಯಿತು ನೋಡಿ. 25 ನಿಮಿಷವಾದರೆ ಒಬ್ಬರಿಗೆ ಐದು, 27 ಜನಕ್ಕೆ 135 ನಿಮಿಷ. ರಿಪೋರ್ಟಿನವರು ಬರುವ ಮುಂಚೆ ಹಾಕಿದ ಲೆಕ್ಕವಾದರೆ ಅದಕ್ಕೆ ಕಾಲು ಭಾಗ ಸೇರಿಸಿ. ಅಲ್ಲಿಗೆ ಸುಮಾರು ಎರಡು ಗಂಟೆ ಐವತ್ತು ನಿಮಿಷ. ಜೊತೆಗೆ ಅಟೆಂಡರ್ ಹತ್ತಿರ ಒಂದೇ ಒಂದು ಪ್ರಶ್ನೆ ಕೇಳಿಡಿ: ‘ಸರ್ ಊಟಕ್ಕೆ ಎಷ್ಟೊತ್ತಿಗೆ ಏಳ್ತಾರಣ್ಣ?’ ‘ಇನ್ನೂ ಎಷ್ಟೊತ್ತಾಗುತ್ತೆ’ ಎಂಬ ಪ್ರಶ್ನೆಗೆ ‘ಕೂತ್ಕೊಳ್ಳಿ, ಕರೀತೀವಿ’ ಅನ್ನುವುದು ಬಿಟ್ಟು ಬೇರೆ ಉತ್ತರ ಸಿಗುವುದಿಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವವರು ಒಂದು ವಿಷಯದಲ್ಲಿ ಮೋಸಹೋಗುತ್ತಾರೆ. 14 ಅಂಕಿಗಳ ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಸಂಖ್ಯೆಯ ಮೂಲಕ ಫೋನಿಗೆ ಬರುವ ಆ ಟೋಕನ್ ನೋಂದಣಿ ಕೌಂಟರಿನದು. ಡಾಕ್ಟರ ಕೋಣೆಯ ಸರದಿ ಬೇರೆ. ಓಪಿಡಿ ಚೀಟಿ ಕೈಗೆ ಬಂದ ಮೇಲೆ ಕೋಣೆಯ ಬಾಗಿಲಲ್ಲಿ ಅದನ್ನು ಕೊಟ್ಟು ಹೆಸರು ಬರೆಸಬೇಕೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಫೋನ್ ನೋಡಿಕೊಂಡು ಒಂದು ಗಂಟೆ ಕೂತು, ಆಮೇಲೆ ಎದ್ದು ಜಗಳ ತೆಗೆಯುವವರಲ್ಲಿ ಬಹಳಷ್ಟು ಜನ ಇಲ್ಲೇ ಎಡವಿರುತ್ತಾರೆ.

ಕಾಯಬಾರದವರು

ಈ ಲೇಖನ ಕಾಯಬಹುದಾದವರಿಗೆ. ಎದೆನೋವು, ಏದುಸಿರು, ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋತುಹೋಗುವುದು, ಮಾತು ತೊದಲುವುದು, ನಿಲ್ಲದ ರಕ್ತಸ್ರಾವ – ಇವುಗಳಿಗೆ ಟೋಕನ್ ಇಲ್ಲ. ಸೀದಾ ಸಿಸ್ಟರ್ ಹತ್ತಿರ ಹೋಗಿ ಹೇಳಿ, ಇಲ್ಲವೇ ತುರ್ತು ವಿಭಾಗಕ್ಕೆ ನಡೆಯಿರಿ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ತಿಂಡಿ ತಡವಾದವರಿಗೆ ಕೂತಲ್ಲೇ ಬೆವರು, ನಡುಕ, ಕಣ್ಣು ಮಂಜಾಗುವುದು ಶುರುವಾದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಸಿಸ್ಟರಿಗೆ ತಿಳಿಸಿ. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಮೊದಲ ಅರ್ಧ ಗಂಟೆ ಫೈಲಿಗೆ

ಒಳಗೆ ಸಿಗುವ ಐದು ನಿಮಿಷದಲ್ಲಿ ಎರಡು ನಿಮಿಷ ಕಾಗದ ಹುಡುಕುವುದರಲ್ಲೇ ಹೋದರೆ ಅದು ನಿಮ್ಮ ನಷ್ಟ. ಪ್ಲಾಸ್ಟಿಕ್ ಕವರಿನಿಂದ ಎಲ್ಲವನ್ನೂ ಹೊರತೆಗೆದು ತಾರೀಖಿನ ಪ್ರಕಾರ ಜೋಡಿಸಿ, ಹೊಸದು ಮೇಲೆ ಬರಲಿ. ಔಷಧ ಅಂಗಡಿಯ ಬಿಲ್ಲುಗಳನ್ನು ಬೇರೆ ಇಡಿ. ಹಳೆಯ ಡಿಸ್ಚಾರ್ಜ್ ಸಮ್ಮರಿ ಎಷ್ಟೇ ಹಳೆಯದಾದರೂ ಎಸೆಯಬೇಡಿ, ಆಪರೇಷನ್ ಆಗಿದ್ದರಂತೂ ಅದು ಬೇಕೇ ಬೇಕು.

ಇಸಿಜಿ ಚೀಟಿಯನ್ನು ಪ್ರತ್ಯೇಕವಾಗಿ ನೋಡಿಕೊಳ್ಳಿ. ಅದು ಸಾಮಾನ್ಯವಾಗಿ ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಅಲ್ಲಿ ಶಾಯಿ ಇರುವುದಿಲ್ಲ. ಜೋಪಾನ ಮಾಡಲು ಹೋಗಿ ಲ್ಯಾಮಿನೇಷನ್ ಮಾಡಿಸಿದರೆ ಯಂತ್ರದ ಬಿಸಿಗೆ ಪೂರ್ತಿ ಕಪ್ಪಾಗಿ, ಗೆರೆಗಳೆಲ್ಲ ಮುಳುಗಿ ಹೋಗುತ್ತವೆ. ಸುಮ್ಮನೆ ಬಿಟ್ಟರೂ ಬಿಸಿಲು, ಸೆಕೆಗೆ ವರ್ಷ ಕಳೆದಂತೆ ಮಾಸುತ್ತದೆ. ಈಗ ಹೊತ್ತಿದೆಯಲ್ಲ, ತೊಡೆಯ ಮೇಲೆ ಚಪ್ಪಟೆಯಾಗಿ ಹರಡಿ, ನೆರಳು ಬೀಳದಂತೆ, ಹೆಸರು ಮತ್ತು ತಾರೀಖು ಕಾಣುವಂತೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಂದು ಜೆರಾಕ್ಸ್ ಪ್ರತಿಯೂ ಇದ್ದರೆ ಇನ್ನೂ ವಾಸಿ.

ಮಾತ್ರೆಗಳ ವಿಷಯಕ್ಕೆ ಬಂದರೆ ‘ಒಂದು ಬಿಳಿದು, ಒಂದು ಕೆಂಪು ಚಿಕ್ಕದು’ ಎಂಬ ವಿವರಣೆಯಿಂದ ಯಾವ ಡಾಕ್ಟರಿಗೂ ಏನೂ ತಿಳಿಯುವುದಿಲ್ಲ. ಸ್ಟ್ರಿಪ್ಪನ್ನೇ ತನ್ನಿ. ಮರೆತು ಬಂದಿದ್ದರೆ ಈಗಲೇ ಮನೆಗೆ ಫೋನ್ ಮಾಡಿ ಹಿಂಭಾಗದ ಫೋಟೋ ವಾಟ್ಸಾಪಿನಲ್ಲಿ ಹಾಕಿಸಿಕೊಳ್ಳಿ. ನಾಟಿ ಔಷಧ, ಕಷಾಯ, ಆಯುರ್ವೇದದ ಗುಳಿಗೆ ಇದ್ದರೆ ಅವುಗಳನ್ನೂ ಪಟ್ಟಿಗೆ ಸೇರಿಸಿ.

ಆಮೇಲೆ ಒಂದು ಚೀಟಿಯಲ್ಲಿ ನಾಲ್ಕೇ ಸಾಲು: ಏನು ತೊಂದರೆ, ಯಾವಾಗಿನಿಂದ, ಏನು ಮಾಡಿದರೆ ಜಾಸ್ತಿ, ಏನು ಮಾಡಿದರೆ ಕಡಿಮೆ. ‘ಮೊದಲಿಂದಾನೂ’ ಎಂದು ಬರೆಯಬೇಡಿ, ‘ಯುಗಾದಿ ಆದ ಮೇಲೆ’ ಅಂದರೂ ಸಾಕು. ಹೇಳಿಕೊಳ್ಳಲು ಸಂಕೋಚವಾಗುವ ದೂರು ಇದ್ದರೆ ಅದನ್ನೇ ಮೊದಲ ಸಾಲಾಗಿಸಿ. ಅಂಥದ್ದು ಸಾಮಾನ್ಯವಾಗಿ ಬಾಗಿಲ ತನಕ ಹೋದ ಮೇಲೆ ‘ಇನ್ನೊಂದು ಡಾಕ್ಟ್ರೇ…’ ಎಂದು ಹೊರಬರುತ್ತದೆ. ಆ ಹೊತ್ತಿಗೆ ಮುಂದಿನವರು ಒಳಗೆ ಬಂದಾಗಿರುತ್ತದೆ.

ತಿನ್ನಬಹುದೇ, ಕುಡಿಯಬಹುದೇ?

ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆಗೆ ಕನಿಷ್ಠ ಎಂಟು ಗಂಟೆ ಏನೂ ತಿಂದಿರಬಾರದು. ನೀರಿಗೆ ಅಡ್ಡಿಯಿಲ್ಲ, ‘ಬರೀ ಅರ್ಧ ಲೋಟ ಕಾಫಿ’ಗೆ ಇದೆ. ಊಟದ ನಂತರದ ಪರೀಕ್ಷೆಯ ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದ ಹೊತ್ತಿನಿಂದಲ್ಲ. ಕ್ಯಾಂಟೀನಿನಲ್ಲಿ ಇಡ್ಲಿ ಬರುವುದು ತಡವಾದರೆ ತಟ್ಟೆ ಮುಂದಿಟ್ಟ ಮೇಲೆಯೇ ಗಡಿಯಾರ ನೋಡಿ. ಮಾಮೂಲಿ ತಿಂಡಿ, ಮಾಮೂಲಿ ಮಾತ್ರೆ ಇರಲಿ. ರಿಪೋರ್ಟ್ ಚೆನ್ನಾಗಿ ಬರಲೆಂದು ಆವತ್ತೊಂದು ದಿನ ಅರ್ಧ ಚಪಾತಿ ತಿಂದರೆ ಮಾತ್ರೆಯ ಪ್ರಮಾಣ ನಿಗದಿಯಾಗುವುದು ಆ ಅರ್ಧ ಚಪಾತಿಗೆ.

ಬಸುರಿಯರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕೂರಿಸುತ್ತಾರೆ. ಆ ಹೊತ್ತಿನಲ್ಲಿ ತಿನ್ನಬಾರದು, ಸುತ್ತಾಡಬಾರದು. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮುಚ್ಚಿಡದೆ ಹೇಳಿ, ಪರೀಕ್ಷೆಯನ್ನು ಇನ್ನೊಂದು ದಿನ ಮಾಡಬೇಕಾಗುತ್ತದೆ. ಕೆಳಹೊಟ್ಟೆಯ ಸ್ಕ್ಯಾನಿಗೆ ಮೂತ್ರಕೋಶ ತುಂಬಿರಬೇಕು. ಆದರೆ ಸರದಿ ಎರಡು ಗಂಟೆ ದೂರವಿರುವಾಗಲೇ ಒಂದು ಲೀಟರ್ ನೀರು ಕುಡಿದು ಒದ್ದಾಡುವುದು ಬೇಡ. ಕರೆಯಲು ಇನ್ನೊಂದು ಗಂಟೆ ಇದೆ ಅನ್ನುವಾಗ ಕುಡಿದರೆ ಸಾಕು.

ಉಳಿದ ಹೊತ್ತಿಗೆ ಒಂದು ಆಟ

ಫೋನ್ ಇದೆ, ನಿಜ. ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಕರೆದದ್ದು ಕೇಳದು, ಒಂದು ಕಿವಿ ಖಾಲಿ ಇರಲಿ. ಹೆಸರಿಗಿಂತ ನಂಬರಿಗೆ ಕಿವಿಗೊಡಿ, ಒಂದು ಬೆಂಚಿನಲ್ಲೇ ಮೂವರು ಮಂಜುನಾಥರು ಇರುತ್ತಾರೆ. ರೋಗಲಕ್ಷಣಗಳನ್ನು ಗೂಗಲ್ ಮಾಡುವುದನ್ನು ಮನೆಯಲ್ಲೂ ಮಾಡಬಾರದು, ಇಲ್ಲಂತೂ ಬೇಡವೇ ಬೇಡ.

ಜೊತೆಗೆ ಮಕ್ಕಳಿದ್ದರೆ ಸಾಲುಮನೆ ಆಟ ಹೂಡಿ. ದೇವಸ್ಥಾನದ ಕಲ್ಲುಹಾಸಿನ ಮೇಲೆ ಕೊರೆದಿರುತ್ತಾರಲ್ಲ, ಒಂದರೊಳಗೊಂದು ಮೂರು ಚೌಕ, ಅದೇ. ಯಾವುದಾದರೂ ಬಿಲ್ಲಿನ ಹಿಂಬದಿಯಲ್ಲಿ ಮೂರು ಚೌಕ ಬರೆದು, ನಾಲ್ಕೂ ಬದಿಯ ನಟ್ಟನಡುವೆ ಹೊರಚೌಕದಿಂದ ಒಳಚೌಕಕ್ಕೆ ಗೆರೆ ಎಳೆಯಿರಿ. ಮೂಲೆ, ನಡು ಸೇರಿ 24 ಮನೆ. ಒಬ್ಬೊಬ್ಬರಿಗೆ ಒಂಬತ್ತು ಕಾಯಿ: ಒಬ್ಬರಿಗೆ ಚಿಲ್ಲರೆ ಕಾಸು, ಇನ್ನೊಬ್ಬರಿಗೆ ಬಸ್ ಟಿಕೆಟಿನ ಮಡಿಸಿದ ಚೂರು. ಸರದಿಯಂತೆ ಒಂದೊಂದೇ ಇಡಬೇಕು. ಎಲ್ಲ ಇಟ್ಟಾದ ಮೇಲೆ ಪಕ್ಕದ ಖಾಲಿ ಮನೆಗೆ ಸರಿಸಬೇಕು. ಗೆರೆಯ ಮೇಲೆ ಮೂರು ಸಾಲಾದರೆ ಎದುರಿನವರದೊಂದು ಕಾಯಿ ಎತ್ತಬಹುದು. ಎರಡೇ ಕಾಯಿ ಉಳಿದವರು ಸೋತಂತೆ. ಸದ್ದಿಲ್ಲದ ಆಟ, ಪಕ್ಕದವರೂ ಬಗ್ಗಿ ನೋಡಿ ಸಲಹೆ ಕೊಡಲು ಶುರುಮಾಡುತ್ತಾರೆ. ನಡುವೆ ಕರೆದರೆ ಹಾಳೆಯ ಫೋಟೋ ತೆಗೆದಿಟ್ಟುಕೊಂಡು ಏಳಿ. ವಯಸ್ಸಾದವರು ಮಾತ್ರ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ, ಏಳಲಾಗದಿದ್ದರೆ ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಲಿ.

ಕೊನೆಯ ಅರ್ಧ ಗಂಟೆ

ಬಿಪಿ ನೋಡಿಸಿಕೊಳ್ಳುವವರು ಈ ಹೊತ್ತಿನಲ್ಲಿ ಕಾಫಿ, ಟೀ, ಬೀಡಿ ಸಿಗರೇಟು ಮುಟ್ಟಬಾರದು. ಮೂತ್ರಕ್ಕೆ ಹೋಗಿ ಬನ್ನಿ, ತುಂಬಿದ ಮೂತ್ರಕೋಶವೂ ಬಿಪಿ ಏರಿಸುತ್ತದೆ. ತೋಳು ಬಿಗಿಯಾದ ರವಿಕೆ ಅಥವಾ ಅಂಗಿಯಾದರೆ ಪಟ್ಟಿಯನ್ನು ಬಟ್ಟೆಯ ಮೇಲೇ ಸುತ್ತುತ್ತಾರೆ, ಅಳತೆ ಕೆಡುತ್ತದೆ. ಸಡಿಲ ತೋಳಿನದನ್ನು ಹಾಕಿಕೊಂಡು ಬರುವುದೇ ಉತ್ತಮ. ನಂಬರ್ ಹತ್ತಿರ ಬಂತೆಂದು ಬಾಗಿಲ ಬಳಿ ಹೋಗಿ ನಿಲ್ಲದೆ, ಐದು ನಿಮಿಷ ಬೆನ್ನು ಆನಿಸಿ, ಕಾಲ ಮೇಲೆ ಕಾಲು ಹಾಕದೆ, ಪಾದ ನೆಲಕ್ಕೆ ಊರಿ ಕೂರಿ. ಪಟ್ಟಿ ಬಿಗಿಯುವಾಗ ಮಾತು ಬೇಡ, ಸಿಸ್ಟರ್ ಊರು ಕೇಳಿದರೂ ಆಮೇಲೆ ಹೇಳಿದರಾಯಿತು. ಕೈ ಜೋತುಬಿದ್ದಿದ್ದರೆ ಅಂಕಿ ಹೆಚ್ಚು ತೋರಿಸುತ್ತದೆ, ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿ. ಅಷ್ಟಾಗಿಯೂ ಜಾಸ್ತಿ ಬಂದರೆ ‘ಸಿಸ್ಟರ್, ಎರಡು ನಿಮಿಷ ಬಿಟ್ಟು ಇನ್ನೊಂದ್ಸಲ ನೋಡ್ತೀರಾ?’ ಎಂದು ಕೇಳಿ. ಎರಡೂ ಅಂಕಿಗಳನ್ನು, ಯಾವ ಕೈ ಎಂಬುದನ್ನೂ ಸೇರಿಸಿ, ಓಪಿಡಿ ಚೀಟಿಯಲ್ಲೇ ಬರೆಸಿಕೊಂಡು ಒಳಗೆ ಹೋಗಿ.