ತೋಟದ ಕಚೇರಿಯ ಕಂಪ್ಯೂಟರನ್ನು ಹಾಸನದಿಂದಲೇ ನಿರ್ವಹಿಸುವ ಕ್ರಮ

ಮಳೆಗಾಲದಲ್ಲಿ ಸಕಲೇಶಪುರದ ತೋಟದ ಕಚೇರಿಯಿಂದ ಬಿಲ್ಲಿನ ತಂತ್ರಾಂಶ ತೆರೆಯುತ್ತಿಲ್ಲವೆಂದು ಕರೆ ಬಂದರೆ, ಹಾಸನದಿಂದ ಸುಮಾರು 40 ಕಿಲೋಮೀಟರ್ ಹೋಗಿ, ಐದು ನಿಮಿಷದ ಕೆಲಸ ಮುಗಿಸಿ ಮರಳುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಮೂಡಿಗೆರೆ, ಕೊಪ್ಪಗಳ ಕಚೇರಿಗಳೂ ಸೇರಿದರೆ ವಾರವೇ ಸಾಲದು. ಇಂತಹ ಕಂಪ್ಯೂಟರುಗಳನ್ನು ಕ್ಲೌಡ್ ಗೇಟ್‌ವೇ (ಕಚೇರಿಯನ್ನೂ ನಮ್ಮನ್ನೂ ಬೆಸೆಯುವ, ಅಂತರಜಾಲದಲ್ಲಿರುವ ಬಾಡಿಗೆ ಸರ್ವರ್) ಮೂಲಕ ಕುಳಿತಲ್ಲಿಂದಲೇ ನೋಡಿಕೊಳ್ಳಲು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಮಾಡಬಾರದ್ದನ್ನು ಹೇಳಬೇಕು. ಕಚೇರಿಯ ರೂಟರಿನಲ್ಲಿ 3389ನೆಯ ಪೋರ್ಟ್ (ಸಂಪರ್ಕ ಒಳಬರುವ ಬಾಗಿಲು) ತೆರೆದು, ವಿಂಡೋಸ್ ಪರದೆಯನ್ನು ದೂರದಿಂದ ಬಳಸಲು ಬಿಡುವ ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ಅಂತರಜಾಲಕ್ಕೆ ಒಡ್ಡಬೇಡಿ. ತೆರೆದ ಪೋರ್ಟುಗಳನ್ನು ಹುಡುಕುವ ಸ್ವಯಂಚಾಲಿತ ತಂತ್ರಾಂಶಗಳು ಹಗಲಿರುಳೂ ಕೆಲಸ ಮಾಡುತ್ತಿರುತ್ತವೆ. 2019ರಲ್ಲಿ ಬಯಲಾದ ಬ್ಲೂಕೀಪ್ ಎಂಬ ದೋಷದ ಮೂಲಕವಂತೂ ಪಾಸ್‌ವರ್ಡ್ ತಿಳಿಯದವರೂ ವಿಂಡೋಸ್ 7ರಂತಹ ಹಳೆಯ ಯಂತ್ರಗಳೊಳಗೆ ನುಗ್ಗಬಹುದಾಗಿತ್ತು. ಅಲ್ಲದೆ, ಮೊಬೈಲ್ ಇಂಟರ್‌ನೆಟ್‌ನಲ್ಲಿ ಸಾಮಾನ್ಯವಾಗಿ ಒಂದೇ ಐಪಿ ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಳ್ಳುವುದರಿಂದ, ಹೊರಗಿನಿಂದ ಆರಂಭಿಸಿದ ಸಂಪರ್ಕ ತೋಟದ ಕಂಪ್ಯೂಟರಿನವರೆಗೆ ತಲುಪುವುದೇ ಇಲ್ಲ. ಆದ್ದರಿಂದ ಕಚೇರಿಯ ಕಂಪ್ಯೂಟರೇ ತಾನಾಗಿ ಹೊರಬಂದು ಗೇಟ್‌ವೇಯನ್ನು ಸೇರಿಕೊಳ್ಳುವಂತೆ ವ್ಯವಸ್ಥೆ ಮಾಡಬೇಕು.

ಗೇಟ್‌ವೇಗಾಗಿ ಮುಂಬೈ ವಲಯದಲ್ಲಿ, ಸ್ಥಿರ ಐಪಿ ವಿಳಾಸವಿರುವ ಒಂದು ಚಿಕ್ಕ ಲಿನಕ್ಸ್ ಸರ್ವರನ್ನು ಬಾಡಿಗೆಗೆ ಪಡೆದು, ಅದರಲ್ಲಿ ವೈರ್‌ಗಾರ್ಡ್ ಮತ್ತು ಅಪಾಚೆ ಗ್ವಾಕಮೋಲೆ ತಂತ್ರಾಂಶಗಳನ್ನು ಅಳವಡಿಸಿ. ಮೊದಲನೆಯದು ಕಚೇರಿಗೂ ಸರ್ವರಿಗೂ ನಡುವೆ ಗೂಢಲಿಪೀಕರಿಸಿದ ದಾರಿಯನ್ನು ನಿರ್ಮಿಸುತ್ತದೆ. ಎರಡನೆಯದು ದೂರದ ಪರದೆಯನ್ನು ನಮ್ಮ ಬ್ರೌಸರಿನಲ್ಲಿ ತೋರಿಸುತ್ತದೆ. ವೈರ್‌ಗಾರ್ಡ್‌ಗೆ ಯುಡಿಪಿ 51820, ಬ್ರೌಸರಿಗೆ ಟಿಸಿಪಿ 443, ಇವೆರಡನ್ನು ಬಿಟ್ಟು ಬೇರಾವ ಪೋರ್ಟೂ ಹೊರಗೆ ಕಾಣಬಾರದು. ಗ್ವಾಕಮೋಲೆಯೊಂದಿಗೆ ಬರುವ ಮೂಲ ಬಳಕೆದಾರನ ಹೆಸರೂ ಪಾಸ್‌ವರ್ಡೂ ಎಲ್ಲರಿಗೂ ತಿಳಿದಿರುವುದರಿಂದ, ಹೊಸ ನಿರ್ವಾಹಕ ಖಾತೆ ತೆರೆದು ಹಳೆಯದನ್ನು ಅಂದೇ ಅಳಿಸಿ, ಪ್ರತಿ 30 ಸೆಕೆಂಡಿಗೆ ಬದಲಾಗುವ ಒಟಿಪಿಯನ್ನೂ ಕಡ್ಡಾಯಗೊಳಿಸಿ.

ಕಚೇರಿಯ ಕಂಪ್ಯೂಟರಿನಲ್ಲಿ ವಿಂಡೋಸ್‌ನ ಪ್ರೊ ಆವೃತ್ತಿ ಇರಬೇಕು, ಏಕೆಂದರೆ ಹೋಮ್ ಆವೃತ್ತಿ ಹೊರಗಿನಿಂದ ಬರುವ ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕವನ್ನು ಸ್ವೀಕರಿಸುವುದಿಲ್ಲ. ವೈರ್‌ಗಾರ್ಡಿನ ಖಾಸಗಿ ಕೀಲಿಯನ್ನು (ಯಂತ್ರದ ಗುರುತನ್ನು ಸಾಬೀತುಪಡಿಸುವ ಗುಟ್ಟಿನ ಸಂಕೇತ) ಆ ಕಂಪ್ಯೂಟರಿನಲ್ಲೇ ಸೃಷ್ಟಿಸಿ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಕಳುಹಿಸಬೇಡಿ. ಅದರ ಜೋಡಿಯಾದ ಸಾರ್ವಜನಿಕ ಕೀಲಿಯನ್ನಷ್ಟೇ ಗೇಟ್‌ವೇಗೆ ಸೇರಿಸಿ. ಪ್ರತಿ ಕಚೇರಿಗೂ 10.8.0.2, 10.8.0.3 ಎಂಬಂತೆ ಒಂದೊಂದು ವಿಳಾಸ ಕೊಟ್ಟು, ಕಚೇರಿಯ ವೈರ್‌ಗಾರ್ಡ್ ಸೆಟ್ಟಿಂಗಿನಲ್ಲಿ ಅನುಮತಿಸಿದ ವಿಳಾಸದ (AllowedIPs) ಜಾಗದಲ್ಲಿ ಗೇಟ್‌ವೇಯ 10.8.0.1 ಒಂದನ್ನೇ ಬರೆದರೆ, ಒಂದು ತೋಟದ ಯಂತ್ರಕ್ಕೆ ವೈರಸ್ ತಗುಲಿದರೂ ಅದು ಇನ್ನೊಂದು ತೋಟದ ಯಂತ್ರವನ್ನು ಈ ದಾರಿಯಲ್ಲಿ ಮುಟ್ಟಲಾರದು. ಸಂಪರ್ಕವನ್ನು ಜೀವಂತವಾಗಿಡುವ ಅವಧಿಯನ್ನು (PersistentKeepalive) 25 ಸೆಕೆಂಡಿಗೆ ನಿಗದಿಪಡಿಸಿ. ಯಾವ ಸಂಪರ್ಕ ಒಳಬರಬಹುದೆಂದು ತೀರ್ಮಾನಿಸುವ ವಿಂಡೋಸ್ ಫೈರ್‌ವಾಲ್‌ನಲ್ಲಿಯೂ 3389ಕ್ಕೆ ಬರುವ ಸಂಪರ್ಕವನ್ನು ಗೇಟ್‌ವೇಯ ವಿಳಾಸಕ್ಕೆ ಮಾತ್ರ ಸೀಮಿತಗೊಳಿಸಬೇಕು.

ಇಷ್ಟೆಲ್ಲ ಸರಿಯಿದ್ದರೂ ನಮ್ಮ ಭಾಗದಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಕರೆಂಟಿನಿಂದ. ಮರ ಬಿದ್ದು ತಂತಿ ಹರಿದರೆ ಯುಪಿಎಸ್ ಬರಿದಾಗಿ ಕಂಪ್ಯೂಟರ್ ಆರಿಹೋಗುತ್ತದೆ. ಕರೆಂಟ್ ಬಂದರೂ ಯಾರಾದರೂ ಗುಂಡಿ ಒತ್ತುವವರೆಗೆ ಅದು ಏಳುವುದಿಲ್ಲ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್) ವಿದ್ಯುತ್ ಮರಳಿದ ಕೂಡಲೇ ತಾನಾಗಿ ಚಾಲೂ ಆಗುವ ಆಯ್ಕೆಯನ್ನು ಹಾಕಿ, ನಿದ್ರಾವಸ್ಥೆಯನ್ನು ತೆಗೆದುಹಾಕಿ, ರೂಟರನ್ನೂ ಅದೇ ಯುಪಿಎಸ್‌ಗೆ ಜೋಡಿಸಿ. ವೈರ್‌ಗಾರ್ಡ್ ಒಂದು ಸೇವೆಯಾಗಿ ನಡೆಯುವುದರಿಂದ ಯಾರೂ ಲಾಗಿನ್ ಆಗದಿದ್ದರೂ ಸಂಪರ್ಕ ಮರುಸ್ಥಾಪನೆಯಾಗುತ್ತದೆ. ತೋಟದಿಂದ ಹೊರಡುವ ಮುನ್ನ ಕಂಪ್ಯೂಟರಿಗೆ ಬರುವ ಕರೆಂಟನ್ನು ನೀವೇ ತೆಗೆದು ಮತ್ತೆ ಹಾಕಿ, ನಿಮ್ಮ ಮೊಬೈಲ್ ಡೇಟಾದಿಂದ ಒಳಹೋಗಿ ಪರೀಕ್ಷಿಸಿ. ಅದೇ ವೈಫೈನಿಂದ ನೋಡಿದರೆ ಪರೀಕ್ಷೆ ಪೂರ್ಣವಾಗುವುದಿಲ್ಲ.

ದೂರದಿಂದ ಫೈರ್‌ವಾಲ್ ಅಥವಾ ನೆಟ್‌ವರ್ಕ್ ಸೆಟ್ಟಿಂಗ್ ಬದಲಿಸುವಾಗ ವಿಶೇಷ ಎಚ್ಚರ ಬೇಕು. ಒಮ್ಮೆ ಮೂಡಿಗೆರೆಯ ಕಂಪ್ಯೂಟರಿನಲ್ಲಿ ಒಂದು ನಿಯಮವನ್ನು ತಪ್ಪಾಗಿ ಬರೆದು ಉಳಿಸಿದ ಕ್ಷಣವೇ ನನ್ನ ಸಂಪರ್ಕ ಕಡಿದುಹೋಯಿತು. ಆ ಒಂದು ಸಾಲನ್ನು ತಿದ್ದಲು ಜುಲೈ ಮಳೆಯಲ್ಲಿ ಅಲ್ಲಿಗೇ ಹೋಗಬೇಕಾಯಿತು. ಅಂದಿನಿಂದ, ಇರುವ ಫೈರ್‌ವಾಲ್ ನಿಯಮಗಳನ್ನು ಮೊದಲು ಒಂದು ಕಡತಕ್ಕೆ ಉಳಿಸಿ, ಹತ್ತು ನಿಮಿಷದ ಬಳಿಕ ಆ ಕಡತವನ್ನು ಮರಳಿ ತುಂಬುವ ಕೆಲಸವನ್ನು ಟಾಸ್ಕ್ ಶೆಡ್ಯೂಲರಿನಲ್ಲಿ ನಿಗದಿಪಡಿಸಿದ ನಂತರವೇ ಬದಲಾವಣೆಗೆ ಕೈಹಾಕುತ್ತೇನೆ. ಎಲ್ಲವೂ ಸರಿಯಿದ್ದರೆ ಆ ಕೆಲಸವನ್ನು ರದ್ದುಪಡಿಸುತ್ತೇನೆ. ತಪ್ಪಾಗಿದ್ದರೆ ಹತ್ತು ನಿಮಿಷ ಕಾಯುತ್ತೇನೆ.

ನಾವು ಒಳಹೋದಾಗ ಕಚೇರಿಯ ಪರದೆ ಲಾಕ್ ಆಗಿ, ಅಲ್ಲಿ ಕುಳಿತವರ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ತೋಟದ ರೈಟರಿಗೆ (ಗುಮಾಸ್ತರಿಗೆ) ಫೋನ್ ಮಾಡಿ, “ಈಗ ಒಳಗೆ ಬರಲೇ?” ಎಂದು ಕೇಳಿ, ಅವರು ಕಡತ ಉಳಿಸಿಕೊಂಡ ಮೇಲೆಯೇ ಸಂಪರ್ಕಿಸಿ. ಯಾವಾಗ, ಯಾವ ಕೆಲಸಕ್ಕೆ ಒಳಹೋದಿರೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಯಾವುದೇ ತೋಟದ ಒಪ್ಪಂದ ಮುಗಿದ ದಿನ, ಆ ಕಂಪ್ಯೂಟರಿನ ಸಾರ್ವಜನಿಕ ಕೀಲಿಯನ್ನು ಗೇಟ್‌ವೇಯಿಂದ ತೆಗೆದುಹಾಕಿ, ತೆಗೆದಿರುವುದಾಗಿ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ.