ಬ್ರಷ್ ಬಾಯಿಗಿಟ್ಟರೆ ಓಕರಿಕೆ ಬರುತ್ತಾ? ಹೀಗೆ ಮಾಡಿ ನೋಡಿ

ಓಕರಿಕೆ ಬರುತ್ತೆ ಅಂತ ಹಿಂದಿನ ದವಡೆ ಹಲ್ಲುಗಳನ್ನು ಬಿಟ್ಟು, ಮುಂದಿನ ನಾಲ್ಕು ಹಲ್ಲನ್ನಷ್ಟೇ ಪಳಪಳ ಹೊಳೆಸುವವರು ಬಹಳ ಜನ ಇದ್ದಾರೆ. ಹೇಳಿಕೊಳ್ಳೋಕೆ ಮುಜುಗರ, ಅಷ್ಟೇ. ತಮಾಷೆ ಅಂದ್ರೆ ಹುಳುಕು ಜಾಸ್ತಿ ಹಿಡಿಯುವುದೂ ಆ ದವಡೆ ಹಲ್ಲಿಗೇ. ಅದರ ಮೇಲಿನ ಸಣ್ಣ ಸಣ್ಣ ಗೀರುಗಳಲ್ಲಿ ಅನ್ನ, ಬಿಸ್ಕೆಟ್ ಎಲ್ಲ ಸಿಕ್ಕಿಕೊಂಡು ಕೂರುತ್ತವೆ.

ಓಕರಿಕೆ ರೋಗವಲ್ಲ, ಕಾವಲು. ನಾಲಿಗೆಯ ಬುಡ, ಕಿರುನಾಲಿಗೆಯ ಸುತ್ತಲಿನ ಮೆತ್ತನೆಯ ಅಂಗಳ (ಬಾಯಿಯ ಮೇಲ್ಚಾವಣಿ), ಗಂಟಲಿನ ಹಿಂಗೋಡೆ, ಇವಿಷ್ಟಕ್ಕೆ ಏನಾದರೂ ತಗುಲಿದರೆ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಗಂಟಲು ತಟ್ಟನೆ ಬಿಗಿದುಕೊಂಡು ಆಚೆ ತಳ್ಳುತ್ತದೆ. ಬೇಡದ್ದು ಶ್ವಾಸನಾಳಕ್ಕೆ ಇಳಿಯದಿರಲಿ ಅಂತ ಇರುವ ಏರ್ಪಾಡು ಇದು. ಕೆಲವರಲ್ಲಿ ಈ ಕಾವಲುಗಾರ ಸ್ವಲ್ಪ ಚುರುಕು. ಮೂಗು ಕಟ್ಟಿದ್ದರೆ, ಗಂಟಲಲ್ಲಿ ಕಫ ಇಳಿಯುತ್ತಿದ್ದರೆ, ಅಸಿಡಿಟಿ ಇದ್ದರೆ, ಬಸುರಿಯಾಗಿದ್ದರೆ ಇನ್ನೂ ಚುರುಕು. ಈಗ ಬಂದೇಬಿಡುತ್ತೆ ಅಂತ ಹೆದರಿಕೊಂಡು ನಿಂತರಂತೂ ಬಂದೇ ಬರುತ್ತದೆ.

ಮೊದಲು ಬ್ರಷ್ ಬದಲಿಸಿ. ಅಂಗಡಿಯಲ್ಲಿ ಸಿಗುವ ದೊಡ್ಡವರ ಬ್ರಷ್‌ಗಳಲ್ಲಿ ಕೆಲವಕ್ಕೆ ತಲೆ ವಿಪರೀತ ದೊಡ್ಡದು, ದವಡೆಗೆ ಹೋಗುವಷ್ಟರಲ್ಲಿ ಅದರ ಬೆನ್ನು ಅಂಗಳಕ್ಕೋ ನಾಲಿಗೆಗೋ ಒರೆಸುತ್ತಿರುತ್ತದೆ. ಮಕ್ಕಳ ಬ್ರಷ್ ತಗೊಳ್ಳಿ, ನಾಚಿಕೆ ಏನಿಲ್ಲ. ಎಳೆ ಮೆತ್ತಗಿರಲಿ.

ಎರಡನೆಯದು ಪೇಸ್ಟ್. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ ಉದ್ದಕ್ಕೂ ಅಲೆ ಅಲೆಯಾಗಿ ಹಾಕುವುದು ಬೇಡ. ಬಟಾಣಿ ಕಾಳಿನಷ್ಟು ಸಾಕು. ಜಾಸ್ತಿ ಪೇಸ್ಟ್ ಅಂದ್ರೆ ಜಾಸ್ತಿ ನೊರೆ, ನೊರೆ ಗಂಟಲಿಗೆ ಜಾರಿದರೆ ಮುಗೀತು. ನೊರೆ ಬರಿಸುವುದು ಸೋಡಿಯಂ ಲಾರಿಲ್ ಸಲ್ಫೇಟ್ ಅನ್ನುವ ಪದಾರ್ಥ. ಅದಿಲ್ಲದ ಪೇಸ್ಟ್‌ಗಳೂ ಸಿಗುತ್ತವೆ, ಟ್ಯೂಬಿನ ಹಿಂದೆ ಓದಿ ನೋಡಿ. ಪುದೀನದ ಖಾರ ತಡೆಯದವರು ಸಪ್ಪೆ ರುಚಿಯದ್ದು ಹುಡುಕಿಕೊಳ್ಳಿ, ಆದರೆ ಫ್ಲೋರೈಡ್ ಇರಲೇಬೇಕು. ಪೇಸ್ಟ್ ವಾಸನೆಯೇ ಆಗದವರು ಮೊದಲು ಬರೀ ಒದ್ದೆ ಬ್ರಷ್‌ನಲ್ಲಿ ದವಡೆ ಹಲ್ಲು ಉಜ್ಜಿಕೊಂಡು, ಆಮೇಲೆ ಪೇಸ್ಟ್ ಹಾಕಿ ಇನ್ನೊಂದು ಸುತ್ತು ಹೋಗಬಹುದು.

ಈಗ ನಿಲ್ಲುವ ಭಂಗಿ. ತಲೆ ಹಿಂದಕ್ಕೆತ್ತಿ ಕನ್ನಡಿ ನೋಡುತ್ತಾ ಉಜ್ಜಿದರೆ ಉಗುಳು ನೇರ ಗಂಟಲಿಗೇ ಇಳಿಯುತ್ತದೆ. ಸಿಂಕ್ ಕಡೆ ಬಗ್ಗಿ, ಗದ್ದ ಎದೆ ಕಡೆಗಿರಲಿ, ಬಾಯಿ ತುಂಬುವ ತನಕ ಕಾಯದೆ ಆಗಾಗ ಉಗುಳಿ. ಉಸಿರು ಮೂಗಿನಿಂದ, ನಿಧಾನವಾಗಿ. ಮೂಗು ಕಟ್ಟಿದ್ದರೆ ಮೊದಲು ಸಿಂಬಳ ತೆಗೆದು ಬನ್ನಿ, ಬಾಯಲ್ಲಿ ಉಸಿರಾಡುತ್ತಾ ಬಾಯಲ್ಲೇ ಉಜ್ಜುವುದು ಕಷ್ಟ.

ಇಲ್ಲೊಂದು ಸಣ್ಣ ಉಪಾಯ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಮೇಲಿನ ದವಡೆಯ ಕೊನೆ ಹಲ್ಲಿನ ಹೊರಮೈ ಉಜ್ಜುವಾಗ ನಾವು ಸುಮ್ನೆ ಬಾಯಿ ದೊಡ್ಡದಾಗಿ ತೆರೆಯುತ್ತೇವೆ. ಹಾಗೆ ತೆರೆದಷ್ಟೂ ಕೆನ್ನೆ ಬಿಗಿಯುತ್ತದೆ, ಕೆಳದವಡೆಯ ಮೂಳೆ ಮುಂದೆ ಬಂದು ಅಲ್ಲಿನ ಸಂದು ಕಿರಿದಾಗುತ್ತದೆ. ಬಾಯಿ ಅರ್ಧ ಮುಚ್ಚಿ, ಕೆನ್ನೆ ಸಡಿಲ ಬಿಡಿ. ಬ್ರಷ್ ತಾನಾಗಿ ಒಳಗೆ ಜಾರುತ್ತದೆ, ನಾಲಿಗೆಗೆ ತಾಗುವುದೂ ಇಲ್ಲ. ಕೆಳದವಡೆಯ ಒಳಬದಿಯೇ ಎಲ್ಲಕ್ಕಿಂತ ಕಷ್ಟದ ಜಾಗ. ಅಲ್ಲಿ ನಾಲಿಗೆಯನ್ನು ಎದುರು ಬದಿಗೆ ಸರಿಸಿ, ಬ್ರಷ್ಷನ್ನು ಹಲ್ಲಿಗೆ ಒತ್ತಿಕೊಂಡೇ ಹಿಂದಕ್ಕೆ ಒಯ್ಯಿರಿ, ಐದಾರು ಸಣ್ಣ ತಿಕ್ಕು ಕೊಡಿ, ಹೊರಗೆ ತೆಗೆಯಿರಿ, ಉಸಿರು ತಗೊಳ್ಳಿ, ಮತ್ತೆ ಹೋಗಿ. ಒಂದೇ ಉಸಿರಿಗೆ ಮುಗಿಸಲೇಬೇಕು ಅಂತ ಯಾರೂ ಹೇಳಿಲ್ಲ. ಉಜ್ಜುತ್ತಾ ಗುಂಯ್ ಅಂತ ಒಂದು ರಾಗ ಗುನುಗಿದರೆ ಗಂಟಲು ಅದರ ಕೆಲಸದಲ್ಲಿ ತೊಡಗಿ ಓಕರಿಕೆ ತಡವಾಗುತ್ತದೆ. ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಳ್ಳುವುದು ಕೂಡ ಕೆಲವರಿಗೆ ಕೆಲಸ ಮಾಡುತ್ತದೆ, ಪ್ರಯತ್ನಿಸೋಕೆ ಖರ್ಚೇನಿಲ್ಲ ಅಲ್ವಾ?

ನಾಲಿಗೆ ವಿಷಯಕ್ಕೆ ಬರೋಣ. ಅರ್ಧ ಓಕರಿಕೆ ಶುರುವಾಗುವುದೇ ಇಲ್ಲಿ. ಬ್ರಷ್ಷಿನಲ್ಲಿ ನಾಲಿಗೆ ಉಜ್ಜುವುದಕ್ಕಿಂತ ಚಪ್ಪಟೆ ಟಂಗ್ ಕ್ಲೀನರ್ ವಾಸಿ, ಅದು ಎತ್ತರಕ್ಕಿಲ್ಲ, ಅಂಗಳಕ್ಕೆ ತಗಲುವುದಿಲ್ಲ. ನಾಲಿಗೆ ಪೂರ್ತಿ ಹೊರಚಾಚಿ, ನಡುಭಾಗದಿಂದ ಮುಂದಕ್ಕೆ ಎಳೆಯಿರಿ, ಎಳೆಯುವಾಗ ಉಸಿರು ಬಿಡಿ. ಬುಡದವರೆಗೆ ಕೆರೆಯುವ ಹಟ ಬೇಡ.

ನಮ್ಮ ಎಷ್ಟೋ ಮನೆಗಳಲ್ಲಿ ದಿನಾ ಬೆಳಿಗ್ಗೆ ಎರಡು ಬೆರಳು ಗಂಟಲಿಗೆ ಹಾಕಿ, ಪಕ್ಕದ ಮನೆಗೂ ಕೇಳುವ ಹಾಗೆ ಕ್ಯಾಕರಿಸಿ 'ಪಿತ್ತ ತೆಗೆಯುವ' ಅಭ್ಯಾಸ ಇದೆ. ಇದನ್ನು ನಿಲ್ಲಿಸಿ ಅಂತಲೇ ನಾನು ಹೇಳುವುದು. ಮೇಲೆ ಬರುವುದು ಕೊಳೆ ಅಲ್ಲ, ಹೊಟ್ಟೆಯ ಆಮ್ಲ. ಕೆಲವೊಮ್ಮೆ ಜೊತೆಗೆ ಹಳದಿ ಪಿತ್ತರಸ, ಅದು ಊಟದ ಜಿಡ್ಡು ಅರಗಿಸೋಕೆ ಬೇಕಾದದ್ದು. ಆಮ್ಲ ದಿನಾ ಹಲ್ಲಿಗೆ ತಾಗಿದರೆ ಮೇಲಿನ ಗಟ್ಟಿ ಪದರ, ಅಂದ್ರೆ ಎನಾಮಲ್, ಕರಗುತ್ತದೆ, ಉಗುರು ತಾಗಿ ಗಂಟಲೂ ಗಾಯ ಆಗುತ್ತದೆ.

ವಾಂತಿ ಆಗಿಯೇ ಹೋಯಿತು ಅಂದುಕೊಳ್ಳಿ. ಬಸುರಿಯರಿಗೆ ಇದು ದಿನದ ಪಾಡು. ತಕ್ಷಣ ಬ್ರಷ್ ಹಿಡಿಯಬೇಡಿ, ಮೆತ್ತಗಾದ ಎನಾಮಲ್ ಸವೆಯುತ್ತದೆ. ಒಂದು ಲೋಟ ನೀರಿಗೆ ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಿ. ಬೆಳಗಿನ ಹೊತ್ತು ಆಗುವುದೇ ಇಲ್ಲ ಅನ್ನುವವರು ಎದ್ದ ಕೂಡಲೇ ಮುಕ್ಕಳಿಸಿ, ತಿಂಡಿಯಾದ ಮೇಲೆ ಉಜ್ಜಬಹುದು. ಬ್ರಷ್ ಮಾಡದೆ ಕಾಫಿ ಇಲ್ಲ ಅನ್ನುವ ಮನೆಯಾದರೆ ಅಮ್ಮನ ಜೊತೆ ಮಾತಾಡಿಕೊಳ್ಳಿ. ರಾತ್ರಿಯ ಬ್ರಷ್ ಮಾತ್ರ ಎರಡು ನಿಮಿಷ ಪೂರ್ತಿ ಇರಲಿ.

ಕಾವಲುಗಾರನನ್ನು ಪಳಗಿಸುವುದಕ್ಕೂ ದಾರಿ ಇದೆ. ನಾಲಿಗೆ ಮೇಲೆ ಓಕರಿಕೆ ಬರುವ ಜಾಗಕ್ಕೆ ಸ್ವಲ್ಪ ಮುಂಚೆ ಬ್ರಷ್ ಇಟ್ಟು, ಮೂಗಿನಲ್ಲಿ ಉಸಿರಾಡುತ್ತಾ ಹತ್ತು ಎಣಿಸಿ. ಆ ಜಾಗ ಅಭ್ಯಾಸ ಆದ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ಹೋಗಿ. ವಾರಗಟ್ಟಲೆ ಹಿಡಿಯುತ್ತದೆ, ಊಟ ಆದ ಕೂಡಲೇ ಮಾಡಬೇಡಿ.

ಇದುವರೆಗೆ ಇಲ್ಲದ್ದು ಈಗ ಶುರುವಾಗಿದ್ದರೆ, ಜೊತೆಗೆ ನುಂಗೋಕೆ ಕಷ್ಟ, ಎದೆಯುರಿ, ದನಿ ಬದಲಾಗಿದ್ದರೆ ಕಿವಿ-ಮೂಗು-ಗಂಟಲು ವೈದ್ಯರನ್ನು ನೋಡಿ. ಅಡಿಕೆ, ಗುಟ್ಕಾ ಅಗಿಯುವವರಿಗೆ ಬಾಯಿ ತೆರೆಯೋಕೇ ಬಿಗಿಯಾಗುತ್ತಿದ್ದರೆ ಅದು ಓಕರಿಕೆಗಿಂತ ದೊಡ್ಡ ವಿಷಯ, ತಡಮಾಡಬೇಡಿ. ಹಲ್ಲಿನ ವೈದ್ಯರ ಬಳಿ ಹೋದಾಗ ಕುರ್ಚಿ ಏರುವ ಮುಂಚೆಯೇ 'ನನಗೆ ಓಕರಿಕೆ ಜಾಸ್ತಿ' ಅಂತ ಹೇಳಿಬಿಡಿ. ಎಕ್ಸ್‌ರೇ ತೆಗೆಯುವಾಗ ಗಮನ ಬೇರೆ ಕಡೆ ಹೋಗಲಿ ಅಂತ ಒಂದು ಕಾಲು ಮೇಲೆತ್ತಿ ಹಿಡಿಯೋಕೆ ಹೇಳಿದರೆ ನಗಬೇಡಿ, ಎತ್ತಿ.