ನಿಮ್ಮೂರ ಮಣ್ಣಿನಲ್ಲಿ ವಿಕಿರಣ ಎಷ್ಟು? ಲೆಕ್ಕ ಹಾಕುವುದು ಹೀಗೆ

ಕಾರವಾರದಲ್ಲಿ ವಿಕಿರಣ ಅಂದರೆ ಸಾಕು, ಮಾತು ಕೈಗಾ ಅಣುಸ್ಥಾವರದ ಕಡೆ ಹೊರಳುತ್ತದೆ. ಆದರೆ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ನಮ್ಮ ಮಣ್ಣು, ಕಲ್ಲುಗಳಲ್ಲಿ ಮೊದಲಿನಿಂದಲೂ ಇವೆ. ಈ ಸಹಜ ಪಾಲು ಎಷ್ಟೆಂದು ತಿಳಿಯದೆ ಸ್ಥಾವರದಿಂದ ಏನಾದರೂ ಸೇರಿದೆಯಾ ಎಂದು ಹೇಳುವುದು ಹೇಗೆ? ನಮ್ಮ ಕಾಲೇಜು ಮಕ್ಕಳು ಇದನ್ನು ಕಲಿಯಲೇಬೇಕು.

ಮೊದಲು ಜಾಗ ಆರಿಸಿ. ಗದ್ದೆ, ತೋಟ ಬೇಡ. ಗೊಬ್ಬರದ ಪೊಟ್ಯಾಷ್ ಲೆಕ್ಕ ಕೆಡಿಸುತ್ತದೆ. ಯಾರೂ ಅಗೆಯದ, ನೀರು ನಿಲ್ಲದ ಸಮತಟ್ಟು ನೆಲ ಒಳ್ಳೆಯದು. ಬಣ್ಣ ನೋಡಿ ತೀರ್ಮಾನಿಸಬೇಡಿ. ಮಾಜಾಳಿ ಹತ್ತಿರದ ತಿಳಮಾತಿ ಕಡಲತೀರದ ಮರಳು ಎಳ್ಳಿನಷ್ಟು ಕಪ್ಪು, ಹಾಗಂತ ಅದರಲ್ಲಿ ವಿಕಿರಣ ಜಾಸ್ತಿ ಅಂತೇನಿಲ್ಲ. ಥೋರಿಯಂ ತುಂಬಿಕೊಂಡಿರುವ ಮೋನಜೈಟ್ ಖನಿಜ ಹಳದಿ ಇಲ್ಲವೇ ಕೆಂಗಂದು ಬಣ್ಣದ್ದು.

ಹುಲ್ಲು, ಬೇರು ತೆಗೆದು, ನಾಲ್ಕೈದು ಕಡೆಯ ಮಣ್ಣನ್ನು ಬೆರೆಸಿ ಸುಮಾರು ಎರಡು ಕೆಜಿ ತನ್ನಿ. 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ, ಜರಡಿ ಹಿಡಿದು, ಡಬ್ಬಿಗೆ ತುಂಬಿ ತೂಗಿ.

ಮುಂದಿನದು ತಾಳ್ಮೆಯ ಕೆಲಸ. ಗಾಳಿಯಾಡದಂತೆ ಮುಚ್ಚಿ ಒಂದು ತಿಂಗಳು ಇಡಬೇಕು. ಯುರೇನಿಯಂ ಸರಣಿಯ ರೇಡಿಯಂ ಒಡೆದಾಗ ರೇಡಾನ್ ಅನಿಲ ಹುಟ್ಟುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆದುಹೋಗುವ ಕಾಲ, 3.8 ದಿನ. ಡಬ್ಬಿಯೊಳಗೆ ಅದು ಹುಟ್ಟುವುದೂ ಒಡೆಯುವುದೂ ಸಮವಾಗಲು ತಿಂಗಳಷ್ಟು ಬೇಕು. ಎಣಿಕೆಯ ಯಂತ್ರ ನೋಡುವುದು ರೇಡಾನ್‌ನಿಂದ ಮುಂದೆ ಹುಟ್ಟುವ ಬಿಸ್ಮತ್, ಸೀಸಗಳ ಗಾಮಾ ಕಿರಣವನ್ನು. ಅನಿಲ ಸೋರಿತೋ, ರೇಡಿಯಂ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಮುಚ್ಚಳದ ಸುತ್ತ ಟೇಪ್ ಬಿಗಿಯಾಗಿ ಸುತ್ತಿ, ಇಲ್ಲಿ ಅವಸರ ಮಾಡಬೇಡಿ.

ಎಣಿಕೆಗೆ ಗಾಮಾ ಕಿರಣಗಳನ್ನು ಗುರುತಿಸುವ ಜರ್ಮೇನಿಯಂ ಡಿಟೆಕ್ಟರ್ ಬೇಕು. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣದ ಸಂಶೋಧನೆಗೆಂದೇ ಒಂದು ಕೇಂದ್ರವಿದೆ, ಅಲ್ಲಿ ವಿಚಾರಿಸಿ.

ಉತ್ತರ ಬೆಕೆರೆಲ್‌ನಲ್ಲಿ ಬರುತ್ತದೆ. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕೆರೆಲ್. ಜಗತ್ತಿನ ಮಣ್ಣಿನ ಸಾಮಾನ್ಯ ಮಟ್ಟವನ್ನೇ ಉದಾಹರಣೆಗೆ ಹಿಡಿಯೋಣ: ಕೆಜಿಗೆ ರೇಡಿಯಂ 35, ಥೋರಿಯಂ 30, ಪೊಟ್ಯಾಸಿಯಂ 400. ಇವನ್ನು ಕ್ರಮವಾಗಿ 0.462, 0.604, 0.0417ರಿಂದ ಗುಣಿಸಿ ಕೂಡಿಸಿ. ಗಂಟೆಗೆ ಸುಮಾರು 51 ನ್ಯಾನೋಗ್ರೇ ಆಯಿತು. ಇದು ನೆಲದ ಮೇಲಿನ ಗಾಳಿ ಹೀರುವ ವಿಕಿರಣ ಶಕ್ತಿಯ ಅಳತೆ. ಅದನ್ನು ವರ್ಷದ 8760 ಗಂಟೆ, ಹೊರಗಿರುವ ಪಾಲು 0.2, ಮತ್ತೆ ಗ್ರೇಯನ್ನು ಮೈಮೇಲಿನ ಪರಿಣಾಮದ ಅಳತೆಯಾದ ಸೀವರ್ಟ್ ಮಾಡುವ 0.7ರಿಂದ ಗುಣಿಸಿ, ನ್ಯಾನೋದಿಂದ ಮಿಲಿಗೆ ಬರಲು ಹತ್ತು ಲಕ್ಷದಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 0.06 ಮಿಲಿಸೀವರ್ಟ್.

ಇದು ಹೊರಗಿನ ನೆಲದ ಪಾಲು ಮಾತ್ರ. ನಾವು ಹೆಚ್ಚು ಹೊತ್ತು ಇರುವುದು ಮನೆಯೊಳಗೆ ಅಲ್ವಾ? ಅಲ್ಲಿ ಸುತ್ತಲೂ ಗೋಡೆ. ಹಾಗಾಗಿ ಚಿರೆಕಲ್ಲಿನ ಪುಡಿಯನ್ನೂ ಇದೇ ರೀತಿ ಅಳೆಸಿ. ವರ್ಷಕ್ಕೆ ಮನುಷ್ಯನಿಗೆ ಸಿಗುವ ಸಹಜ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಅದರಲ್ಲಿ ಅರ್ಧದಷ್ಟು ಉಸಿರಿನೊಂದಿಗೆ ಒಳಹೋಗುವ ರೇಡಾನ್‌ನದು. ನೆಲದಿಂದ ಏಳುವ ಈ ಅನಿಲ ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ಜಡಿಮಳೆಯ ದಿನಗಳಲ್ಲೂ ಮಳೆ ಬಿಟ್ಟಾಗ ಎದುರುಬದುರು ಕಿಟಕಿ ತೆರೆದಿಡಿ.